ತಪ್ಪು ಕನ್ನಡಕದ್ದು, ಕಣ್ಣಿನದಲ್ಲ: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ

ಮಾನ್ಯರೇ,

ನಾನು ತಿಪಟೂರಿನ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ಆಪ್ಟೋಮೆಟ್ರಿಸ್ಟ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬಂದವರನ್ನು ಕೂರಿಸಿ, ಬೋರ್ಡಿನ ಅಕ್ಷರ ಓದಿಸಿ, ‘ಇದು ಚೆನ್ನಾಗಿ ಕಾಣುತ್ತಾ, ಅದಾ?’ ಅಂತ ಕೇಳಿ ಕೇಳಿ ಪವರ್ ಬರೆದುಕೊಡುತ್ತೇನೆ. ನಮ್ಮ ಕ್ಲಿನಿಕ್‌ನಲ್ಲಿ ಕನ್ನಡಕ ಮಾರುವುದಿಲ್ಲ. ನನ್ನ ಚೀಟಿ ಹಿಡಿದು ಜನ ಪೇಟೆ ಬೀದಿಯ ಅಂಗಡಿಗೆ ಹೋದರೂ ಅಷ್ಟೇ, ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೂ ಅಷ್ಟೇ. ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆನ್‌ಲೈನ್ ಮೇಲಿನ ಹೊಟ್ಟೆಕಿಚ್ಚಿಗೆ ಬರೆದ ಪತ್ರ ಇದು ಅಂತ ಯಾರೂ ತಿಳಿಯಬಾರದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಕನ್ನಡಕ ಸಿಗುವುದರಿಂದ ಬಡವರಿಗೆ ಅನುಕೂಲ ಆಗಿದೆ. ನಾಲ್ಕು ಸಾವಿರ ಹೇಳುತ್ತಿದ್ದ ಕಡೆ ಒಂದೂವರೆ ಸಾವಿರಕ್ಕೆ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ನಾನೇ ಪರೀಕ್ಷಿಸಿ ‘ಕರೆಕ್ಟಾಗಿದೆ, ಹಾಕಿಕೊಳ್ಳಿ’ ಅಂತ ಕಳಿಸಿದ್ದೂ ಎಷ್ಟೋ ಸಲ. ನನ್ನ ದೂರು ಆನ್‌ಲೈನ್ ವ್ಯಾಪಾರದ ಮೇಲಲ್ಲ. ಅಲ್ಲಿ ಕನ್ನಡಕದ ಕೆಳಗೆ ಸಾಲುಗಟ್ಟಿ ನಿಂತಿರುವ ಸುಳ್ಳು ರಿವ್ಯೂಗಳ ಮೇಲೆ.

ಕಳೆದ ದೀಪಾವಳಿ ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಅರವತ್ನಾಲ್ಕು ವರ್ಷ. ನಮ್ಮ ತಾಲ್ಲೂಕಿನ ಎಷ್ಟೋ ಮಕ್ಕಳಿಗೆ ಕಾಗುಣಿತ ಕಲಿಸಿದವರು. ಕೂತವರೇ, “ಪೊರೆ ಬಂದಿದೆಯೇನೋ ನೋಡಮ್ಮಾ” ಅಂದರು. ಮೆಟ್ಟಿಲು ಇಳಿಯುವಾಗ ಮೆಟ್ಟಿಲು ತೇಲಿದ ಹಾಗೆ ಕಾಣುತ್ತದಂತೆ. ಪೇಪರ್ ಓದಬೇಕಾದರೆ ಕತ್ತು ಓರೆ ಮಾಡಬೇಕಂತೆ. ಒಂದು ಸಲ ದೇವಸ್ಥಾನದ ಮೆಟ್ಟಿಲಲ್ಲಿ ಕಾಲು ತಪ್ಪಿ, ಪಕ್ಕದವರು ಹಿಡಿದುಕೊಂಡರಂತೆ. “ಹೊಸ ಕನ್ನಡಕ ಹಾಕಿಕೊಂಡು ಎರಡು ತಿಂಗಳಾಯ್ತು. ಕನ್ನಡಕ ಒಳ್ಳೇದೇ ಕಣಮ್ಮಾ. ಮೂರು ಸಾವಿರ ಜನ ಚೆನ್ನಾಗಿದೆ ಅಂತ ಬರೆದಿದ್ದಾರೆ. ಎಲ್ಲರಿಗೂ ಸರಿಹೋಗಿದೆ. ನನ್ನ ಕಣ್ಣೇ ಸರಿ ಇಲ್ಲ ಅನ್ಸುತ್ತೆ.”

ಕಣ್ಣು ನೋಡಿದೆ. ತೊಂದರೆ ಕೊಡುವಂಥ ಪೊರೆ ಇರಲಿಲ್ಲ. ಆಮೇಲೆ ಕನ್ನಡಕ ಕೊಡಿ ಅಂದೆ.

ಅವರದು ಪ್ರೋಗ್ರೆಸಿವ್ ಲೆನ್ಸ್. ಮೇಲೆ ದೂರದ ಪವರ್, ಕೆಳಗೆ ಓದುವ ಪವರ್, ನಡುವೆ ಗೆರೆ ಕಾಣದ ಹಾಗೆ ಬದಲಾಗುತ್ತಾ ಹೋಗುವಂಥದ್ದು. ಈ ಲೆನ್ಸನ್ನು ಟ್ಯೂಬ್‌ಲೈಟ್‌ಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ಕೂದಲೆಳೆಯಷ್ಟು ಸಣ್ಣ ಎರಡು ಗುರುತು ಕಾಣುತ್ತವೆ. ಒಂದಕ್ಕೊಂದು 34 ಮಿಲಿಮೀಟರ್ ದೂರ. ಅವುಗಳ ಮೇಲೆ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಟ್ಟು, ಅಲ್ಲಿಂದ ಕಣ್ಣಿನ ಪಾಪೆ ಎದುರು ಬರಬೇಕಾದ ಜಾಗ ಯಾವುದು ಅಂತ ಗುರುತು ಮಾಡಬಹುದು. ಮಾಡಿದೆ. ಎಡ ಲೆನ್ಸಿನ ಗುರುತಿನಿಂದ ಬಲ ಲೆನ್ಸಿನ ಗುರುತಿಗೆ 67 ಮಿಲಿಮೀಟರ್ ಬಂತು. ಮೇಷ್ಟ್ರ ಎರಡು ಪಾಪೆಗಳ ನಡುವಿನ ದೂರ 61. ಇದನ್ನೇ ನಾವು ಪಿ.ಡಿ. ಅನ್ನುವುದು. ಒಂದೊಂದು ಕಣ್ಣಿಗೆ ಮೂರು ಮಿಲಿಮೀಟರ್ ಹೊರಗೆ.

ಮೂರು ಮಿಲಿಮೀಟರ್ ಯಾವ ಲೆಕ್ಕ ಅನ್ನಿಸಬಹುದು. ಪ್ರೋಗ್ರೆಸಿವ್ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುವ ದಾರಿ ಗದ್ದೆ ಬದುವಿನಷ್ಟು ಕಿರಿದು. ಅದರ ಮೇಲೇ ನೋಟ ಇಳಿಯಬೇಕು. ಒಂದು ಹೆಜ್ಜೆ ಆಚೀಚೆ ಇಟ್ಟರೆ ಕೆಸರು. ಮೇಷ್ಟ್ರು ಎರಡು ತಿಂಗಳು ಕೆಸರಲ್ಲೇ ನಡೆದಿದ್ದರು. ‘ಆರ್ಡರ್ ಮಾಡುವಾಗ ಪಿ.ಡಿ. ಎಷ್ಟು ಅಂತ ಹಾಕಿದ್ದಿರಾ ಮೇಷ್ಟ್ರೇ?’ ಅಂತ ಕೇಳಿದೆ. “ಹಾಗಂದ್ರೇನು?” ಅಂದರು. ಅಲ್ಲಿ ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಮಾನ್ಯರೇ, ಅವತ್ತಿನಿಂದ ನನ್ನ ಮನಸ್ಸಿಗೆ ಹತ್ತಿದ್ದು ಆ ಅಳತೆ ತಪ್ಪಲ್ಲ. ಅಳತೆ ತಪ್ಪು ಅಂಗಡಿಯಲ್ಲೂ ಆಗುತ್ತದೆ, ತಿದ್ದಬಹುದು. ಹತ್ತಿದ್ದು ಅವರ ಆ ಮಾತು. ನನ್ನ ಕಣ್ಣೇ ಸರಿ ಇಲ್ಲ ಅನ್ಸುತ್ತೆ.

ಸೀರೆಯ ಬಣ್ಣ ಬೇರೆ ಬಂದರೆ ಪೊಟ್ಟಣ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಮಿಕ್ಸಿ ಕೆಟ್ಟರೆ ಮಿಕ್ಸಿಯನ್ನು ಬೈಯುತ್ತೇವೆ. ಕನ್ನಡಕ ಹಾಗಲ್ಲ. ಅದು ಸರಿ ಇಲ್ಲದಿದ್ದರೆ ತಲೆ ನೋಯುತ್ತದೆ, ಕಣ್ಣು ಎಳೆಯುತ್ತದೆ, ನೆಲ ಏರಿಳಿದಂತೆ ಕಾಣುತ್ತದೆ. ಇದೆಲ್ಲಾ ಆಗುವುದು ನಮ್ಮ ಮೈಯಲ್ಲೇ. ಹಾಗಾಗಿ ಅನುಮಾನ ಮೊದಲು ನಮ್ಮ ಮೇಲೇ ಬರುತ್ತದೆ. ವಯಸ್ಸಾಯ್ತೇನೋ, ಬಿಪಿ ಇದೆಯೇನೋ, ಪೊರೆಯೇನೋ. ಅಂಥ ಹೊತ್ತಲ್ಲಿ ಸಾವಿರಾರು ಜನ ‘ಸೂಪರ್, ತುಂಬಾ ಆರಾಮ’ ಅಂತ ಬರೆದಿರುವುದನ್ನು ನೋಡಿದರೆ ಮನುಷ್ಯ ತನ್ನ ಕಣ್ಣಿಗಿಂತ ಅವರ ಮಾತನ್ನೇ ನಂಬುತ್ತಾನೆ. ಸುಳ್ಳು ರಿವ್ಯೂ ಕನ್ನಡಕ ಮಾರಿ ಸುಮ್ಮನಾಗುವುದಿಲ್ಲ. ಕೊಂಡ ಮೇಲೂ ಬಾಯಿ ಮುಚ್ಚಿಸುತ್ತದೆ. ವಾಪಸ್ ಕೊಡುವ ದಿನಗಳು ಹಾಗೇ ಮುಗಿದುಹೋಗುತ್ತವೆ.

ಆ ಭಾನುವಾರ ನಾನು, ನಮ್ಮ ಕ್ಲಿನಿಕ್‌ನ ರಿಸೆಪ್ಷನ್ ಹುಡುಗಿ ಇಬ್ಬರೂ ಕೂತು ಮೇಷ್ಟ್ರು ಕೊಂಡ ಆ ಕನ್ನಡಕದ ರಿವ್ಯೂಗಳನ್ನು ಓದಿದೆವು. ಮಧ್ಯಾಹ್ನ ಎರಡಕ್ಕೆ ಶುರು ಮಾಡಿದ್ದು, ದೀಪ ಹಚ್ಚುವ ಹೊತ್ತಾಯಿತು. ಮೇಲೆ ಕಾಣುವವನ್ನು ಬಿಟ್ಟು, ‘ಹೊಸದು ಮೊದಲು’ ಅಂತ ಬದಲಾಯಿಸಿಕೊಂಡು ಓದಿದೆವು. ಅಲ್ಲಿಗೇ ಅರ್ಧ ಬಣ್ಣ ಬಯಲಾಯಿತು. ಮೂರೇ ದಿನದಲ್ಲಿ ರಾಶಿ ರಿವ್ಯೂ ಬಂದಿವೆ, ಎಲ್ಲಾ ಐದು ಸ್ಟಾರ್. ಆಮೇಲೆ ಎರಡು ವಾರ ಒಂದೂ ಇಲ್ಲ. ಮತ್ತೆ ಒಂದು ರಾಶಿ. ನಿಜವಾದ ಗ್ರಾಹಕರು ಸಂತೆಗೆ ಬಂದ ಹಾಗೆ ದಿನ ಗೊತ್ತು ಮಾಡಿಕೊಂಡು ಬರುವುದಿಲ್ಲ, ಅಲ್ವಾ? ದೊಡ್ಡ ರಿಯಾಯಿತಿ ಮಾರಾಟ ನಡೆದಾಗ ಒಟ್ಟಿಗೆ ಬರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಆಗ ಬರುವ ರಿವ್ಯೂಗಳಲ್ಲಿ ಬೈಗುಳವೂ ಇರುತ್ತದೆ.

ಇನ್ನೂ ಕೆಳಗೆ ಹೋದರೆ, ‘ಚೈನ್ ಗಟ್ಟಿಯಾಗಿದೆ, ಕುತ್ತಿಗೆಗೆ ಚುಚ್ಚುವುದಿಲ್ಲ’ ಅಂತ ಒಂದು. ಕನ್ನಡಕಕ್ಕೆಲ್ಲಿಯ ಚೈನ್? ಹುಡುಗಿಯೇ ಪತ್ತೆ ಮಾಡಿದಳು. ಹಿಂದೆ ಆ ಪುಟದಲ್ಲಿ ಕನ್ನಡಕಕ್ಕೆ ಕಟ್ಟುವ ದಾರ, ಚೈನ್ ಮಾರುತ್ತಿದ್ದರು. ಆ ಪುಟಕ್ಕೆ ಬಂದ ಒಳ್ಳೆಯ ಹೆಸರನ್ನು ಹಾಗೇ ಇಟ್ಟುಕೊಂಡು ಒಳಗಿನ ವಸ್ತುವನ್ನು ಮಾತ್ರ ಬದಲಾಯಿಸಿದ್ದಾರೆ. ಆ ಹಳೆಯ ರಿವ್ಯೂ ಬರೆದವರು ಸುಳ್ಳು ಹೇಳಿಲ್ಲ ಪಾಪ. ಅವರ ನಿಜವನ್ನೇ ಕದ್ದು ಇಲ್ಲಿಗೆ ಅಂಟಿಸಿದ್ದಾರೆ.

ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆವು. ಮೂರು ಬೇರೆ ಬೇರೆ ಹೆಸರು. ಮೂರರಲ್ಲೂ ಕನ್ನಡಕ ಇಟ್ಟಿರುವುದು ಒಂದೇ ಹಾಸಿಗೆ ಹೊದಿಕೆಯ ಮೇಲೆ. ನೀಲಿ ಹೂವು, ಅಂಚಿನಲ್ಲಿ ಹೊಲಿಗೆ ಬಿಟ್ಟ ಜಾಗ. ಆ ಬಿಟ್ಟ ಹೊಲಿಗೆಯೂ ಮೂರು ಫೋಟೋದಲ್ಲಿ ಅದೇ.

ಕನ್ನಡದಲ್ಲೂ ರಿವ್ಯೂ ಇದ್ದವು. ಖುಷಿಯಿಂದ ಓದಲು ಹೋದೆ. ‘ಈ ಉತ್ಪನ್ನವು ನನ್ನ ನಿರೀಕ್ಷೆಗಳನ್ನು ಮೀರಿದೆ. ನಾನು ಇದನ್ನು ಹೆಚ್ಚು ಶಿಫಾರಸು ಮಾಡುತ್ತೇನೆ.’ ನಮ್ಮ ಕಡೆ ಯಾರು ಹೀಗೆ ಮಾತಾಡುತ್ತಾರೆ? ಕೆಲವು ಆ್ಯಪ್‌ಗಳು ಬೇರೆ ಭಾಷೆಯ ನಿಜವಾದ ರಿವ್ಯೂವನ್ನೇ ಕನ್ನಡಕ್ಕೆ ಯಂತ್ರದಿಂದ ತಿರುಗಿಸಿ ತೋರಿಸುತ್ತವೆ. ಹಾಗಾಗಿ ಭಾಷೆ ಒಂದನ್ನೇ ನೋಡಿ ಸುಳ್ಳು ಅನ್ನುವ ಹಾಗಿಲ್ಲ. ಆದರೆ ಅದೇ ವಾಕ್ಯ ಅದೇ ಕ್ರಮದಲ್ಲಿ ಬೇರೆ ಬೇರೆ ಹೆಸರಲ್ಲಿ ಬಂದರೆ ಅನುಮಾನ ಪಡಲೇಬೇಕು.

ಇದೆಲ್ಲ ಯಾವ ವಸ್ತುವಿಗಾದರೂ ಹೇಳಬಹುದಾದ ಮಾತು. ಕನ್ನಡಕಕ್ಕೇ ಅಂತ ಇರುವ ಗುರುತುಗಳು ಬೇರೆ. ಅವು ನನ್ನ ಕಸುಬಿಗೆ ಹತ್ತಿರದವು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಪತ್ರ ಓದುವ ಜನಕ್ಕೂ ಉಪಯೋಗ ಆಗಲಿ.

ನಿಜವಾಗಿ ಕನ್ನಡಕ ಹಾಕುವವರು ಮೂಗಿನ ಬಗ್ಗೆ ಬರೆಯುತ್ತಾರೆ. ಮೂಗಿನ ಮೇಲೆ ಕೆಂಪು ಗುರುತು ಬೀಳುತ್ತದೆ, ಬಗ್ಗಿದರೆ ಜಾರುತ್ತದೆ, ಕಿವಿ ಹಿಂದೆ ಸಂಜೆ ಹೊತ್ತಿಗೆ ನೋಯುತ್ತದೆ, ರಾತ್ರಿ ಗಾಡಿ ಓಡಿಸುವಾಗ ಎದುರಿನ ಲೈಟು ಚದುರುತ್ತದೆ. ಮೈನಸ್ ಪವರ್ ಜಾಸ್ತಿ ಇರುವವರಾದರೆ ಲೆನ್ಸಿನ ಅಂಚು ಎಷ್ಟು ದಪ್ಪ ಬಂತು ಅಂತ ಹೇಳದೆ ಇರುವುದಿಲ್ಲ. ‘ನನ್ನದು ಮೈನಸ್ ಐದು, ಈ ಫ್ರೇಮಿಗೆ ಅಂಚು ಆಚೆ ಬಂದಿದೆ’ ಅನ್ನುವ ಒಂದು ಸಾಲು ನೂರು ‘ಸೂಪರ್ ಕ್ವಾಲಿಟಿ’ಗಿಂತ ಬೆಲೆಯುಳ್ಳದ್ದು. ಬಾಡಿಗೆಗೆ ಬರೆಯುವವರು ಪ್ಯಾಕಿಂಗ್, ಡೆಲಿವರಿ, ಲುಕ್ ಇವನ್ನೇ ಹೊಗಳುತ್ತಾರೆ. ಅವರು ಅದನ್ನು ಮೂಗಿನ ಮೇಲೆ ಇಟ್ಟೇ ಇರುವುದಿಲ್ಲ.

ಎರಡನೆಯದು ದಿನದ ಲೆಕ್ಕ. ಹೊಸ ಪವರ್‌ಗೆ, ಅದರಲ್ಲೂ ಕಣ್ಣಿನ ಮುಂಭಾಗ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರದಿದ್ದರೆ ಕೊಡುವ ಸಿಲಿಂಡರ್ ಪವರ್‌ಗೆ ಅಥವಾ ಪ್ರೋಗ್ರೆಸಿವ್‌ಗೆ ಕಣ್ಣು ಹೊಂದಿಕೊಳ್ಳಲು ಎಷ್ಟೋ ದಿನ ಬೇಕು. ಕೆಲವರಿಗೆ ಎರಡು ವಾರವೇ ಆಗುತ್ತದೆ. ‘ಇವತ್ತೇ ಬಂತು, ಕಣ್ಣಿಗೆ ತುಂಬಾ ಆರಾಮ, ಐದು ಸ್ಟಾರ್’ ಅಂತ ಬರೆದವರು ಪ್ರಾಮಾಣಿಕರೇ ಇರಬಹುದು. ಆದರೂ ಆ ರಿವ್ಯೂ ಡಬ್ಬಿಯ ಬಗ್ಗೆ ಹೇಳಿದ್ದೇ ಹೊರತು ಲೆನ್ಸಿನ ಬಗ್ಗೆ ಅಲ್ಲ.

ಮೂರನೆಯದು ನನಗೆ ಜಾಸ್ತಿ ಕಳವಳದ ವಿಷಯ. ಕೊಂಡವರಿಗೆ ಗೊತ್ತಾಗಲು ಸಾಧ್ಯವೇ ಇಲ್ಲದ ಸಂಗತಿಗೆ ಸಾಕ್ಷಿ ಹೇಳುವುದು. ಕೂಲಿಂಗ್ ಗ್ಲಾಸ್ ಕೆಳಗೆ ‘ಯುವಿ ಪ್ರೊಟೆಕ್ಷನ್ ನೂರಕ್ಕೆ ನೂರು’ ಅಂತ ಬರೆದಿರುತ್ತಾರೆ. ಯುವಿ ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅಳೆಯಲು ಯಂತ್ರ ಬೇಕು. ಗ್ಲಾಸು ಕಪ್ಪಗಿದ್ದ ಮಾತ್ರಕ್ಕೆ ಯುವಿ ತಡೆಯುತ್ತದೆ ಅಂತ ಅಲ್ಲ. ತಡೆಯುವ ಗುಣ ಇಲ್ಲದ ಕಪ್ಪು ಗ್ಲಾಸು ಬರಿಗಣ್ಣಿಗಿಂತ ಅಪಾಯ ಆಗಬಹುದು, ಯಾಕೆಂದರೆ ಕತ್ತಲೆಗೆ ಪಾಪೆ ಹಿಗ್ಗಿ ಇನ್ನಷ್ಟು ಕಿರಣಕ್ಕೆ ದಾರಿ ಬಿಡುತ್ತದೆ. ತೋಟದಲ್ಲಿ, ರಸ್ತೆಯಲ್ಲಿ ಇಡೀ ದಿನ ಬಿಸಿಲಲ್ಲಿ ಇರುವವರು ಇಂಥ ರಿವ್ಯೂ ನಂಬಿ ಇನ್ನೂರು ರೂಪಾಯಿಗೆ ಕೊಳ್ಳುತ್ತಾರೆ.

ಮೊಬೈಲ್, ಕಂಪ್ಯೂಟರಿನ ನೀಲಿ ಬೆಳಕು ತಡೆಯುತ್ತದೆ ಅಂತ ಮಾರುವ ಬ್ಲೂ ಕಟ್ ಲೆನ್ಸ್‌ದೂ ಇದೇ ಕಥೆ. ‘ಹಾಕಿದ ಮರುದಿನವೇ ತಲೆನೋವು ಮಾಯ’ ಅನ್ನುವ ರಿವ್ಯೂ ಎಲ್ಲೆಲ್ಲೂ ಇದೆ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಈ ಲೆನ್ಸ್‌ಗಳ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮಾಮೂಲಿ ಲೆನ್ಸಿಗೆ ಹೋಲಿಸಿದರೆ ಕಂಪ್ಯೂಟರ್ ನೋಡುವ ಆಯಾಸ ಇದರಿಂದ ಕಡಿಮೆ ಆಗುವಂತೆ ಕಾಣುವುದಿಲ್ಲ, ಕೊನೇಪಕ್ಷ ಸ್ವಲ್ಪ ಕಾಲದ ಮಟ್ಟಿಗೆ, ಅಂತ ಹೇಳಿತು. ನಾನು ಬಂದವರಿಗೆ ಹೇಳುವುದು, ಆಗಾಗ ಕಣ್ಣು ಮಿಟುಕಿಸಿ, ದೂರ ನೋಡಿ, ಅಷ್ಟೇ. ಆದರೆ ನನ್ನ ಒಂದು ಮಾತು ಎಲ್ಲಿ, ಐದು ಸ್ಟಾರಿನ ಐದು ಸಾವಿರ ಮಾತು ಎಲ್ಲಿ.

ಈ ರಿವ್ಯೂ ಹೇಗೆ ಹುಟ್ಟುತ್ತದೆ ಅನ್ನುವುದನ್ನೂ ಹೇಳಬೇಕು. ಅದೇ ಭಾನುವಾರ ನಮ್ಮ ರಿಸೆಪ್ಷನ್ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ನನ್ನ ತಮ್ಮನೂ ಇದನ್ನು ಮಾಡ್ತಾನೆ” ಅಂದಳು. ಡಿಗ್ರಿ ಓದುವ ಹುಡುಗ. ಟೆಲಿಗ್ರಾಂನಲ್ಲಿ ಒಂದು ಗುಂಪು. ಅಲ್ಲಿ ಏಜೆಂಟ್ ಒಬ್ಬ ವಸ್ತುವಿನ ಚಿತ್ರ ಹಾಕುತ್ತಾನೆ. ಇವನು ತನ್ನ ದುಡ್ಡಲ್ಲೇ ಆರ್ಡರ್ ಮಾಡಬೇಕು. ಬಂದ ಮೇಲೆ ಐದು ಸ್ಟಾರ್ ಕೊಟ್ಟು, ಫೋಟೋ ಹಾಕಿ, ರಿವ್ಯೂ ಪ್ರಕಟವಾದ ಸ್ಕ್ರೀನ್‌ಶಾಟ್ ಕಳಿಸಬೇಕು. ಆಮೇಲೆ ಪೂರ್ತಿ ದುಡ್ಡು ಯುಪಿಐನಲ್ಲಿ ವಾಪಸ್. ವಸ್ತು ಇವನಿಗೇ. ಕನ್ನಡಕ, ಇಯರ್‌ಫೋನ್, ಚಪ್ಪಲಿ, ಏನು ಸಿಕ್ಕಿದರೂ ಸರಿ. ಆ ಹುಡುಗನನ್ನು ಕರೆಸಿ ಕಣ್ಣು ಪರೀಕ್ಷೆ ಮಾಡಿದೆ. ಪವರ್ ಇಲ್ಲ. ಎರಡೂ ಕಣ್ಣು ಚೊಕ್ಕವಾಗಿವೆ. ಹನ್ನೊಂದು ಕನ್ನಡಕಕ್ಕೆ ಐದು ಸ್ಟಾರ್ ಕೊಟ್ಟಿದ್ದಾನೆ.

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮೇಷ್ಟ್ರ ವಿಷಯ ಹೇಳಿದೆ. ತಲೆ ತಗ್ಗಿಸಿ ಕೂತಿದ್ದ. ಗುಂಪಿನಿಂದ ಹೊರಬಂದಿದ್ದಾನೆ ಅಂತ ಅಕ್ಕ ಹೇಳಿದಳು.

ಅವನ ಹನ್ನೊಂದು ರಿವ್ಯೂ ಪಕ್ಕದಲ್ಲೂ ‘ವೆರಿಫೈಡ್ ಪರ್ಚೇಸ್’ ಅಂತ ಗುರುತು ಇದೆ ಅನ್ನುವುದನ್ನು ತಾವು ಗಮನಿಸಬೇಕು. ಅದು ಸುಳ್ಳೂ ಅಲ್ಲ, ಅವನು ಕೊಂಡಿದ್ದು ನಿಜ. ಜನ ಆ ಗುರುತನ್ನು ಐಎಸ್‌ಐ ಮಾರ್ಕಿನಂತೆ ನಂಬುತ್ತಾರೆ.

ಮೇಷ್ಟ್ರ ಕನ್ನಡಕದ ಡಬ್ಬಿಯಲ್ಲೂ ಒಂದು ಸಣ್ಣ ಕಾರ್ಡ್ ಇತ್ತು. ‘ಐದು ಸ್ಟಾರ್ ಕೊಡಿ, ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, ನೂರು ರೂಪಾಯಿ ಕ್ಯಾಶ್‌ಬ್ಯಾಕ್ ಪಡೆಯಿರಿ.’ ತೊಂದರೆ ಇದ್ದರೆ ರಿವ್ಯೂ ಬರೆಯುವ ಮೊದಲು ನಮಗೆ ಫೋನ್ ಮಾಡಿ ಅಂತ ಕೆಳಗೆ ಒಂದು ನಂಬರ್. ಮೇಷ್ಟ್ರು ನೂರು ರೂಪಾಯಿಗೆ ಆಸೆ ಪಟ್ಟವರಲ್ಲ. ನಾನು ಅಳತೆ ತೋರಿಸಿದ ಮೇಲೆ ಅವರೇ ಕೂತು ಕನ್ನಡದಲ್ಲಿ ಒಂದು ರಿವ್ಯೂ ಬರೆದರು. ಎರಡು ಸ್ಟಾರ್ ಕೊಟ್ಟರು. ಎರಡು ದಿನ ಆದ ಮೇಲೆ ‘ನಿಮ್ಮ ರಿವ್ಯೂ ನಮ್ಮ ನಿಯಮಗಳಿಗೆ ಹೊಂದುತ್ತಿಲ್ಲ’ ಅಂತ ಸಂದೇಶ ಬಂತು. ಯಾವ ನಿಯಮ ಅಂತ ಇಲ್ಲ. ಮತ್ತೆ ಕಳಿಸಿದರು. ಮತ್ತೆ ಅದೇ ಉತ್ತರ.

ಕನ್ನಡಕ ಮತ್ತು ರಿವ್ಯೂ ಸೇರಿದ ಜಾಗದಲ್ಲಿ ಮೋಸ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಅಮೆರಿಕದಲ್ಲಿ ಒಂದು ದೊಡ್ಡ ಪ್ರಕರಣವೇ ಇದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ‘ಡೆಕೋರ್‌ಮೈಐಸ್’ ಅನ್ನುವ ಕನ್ನಡಕದ ಅಂಗಡಿ ಅಂತರ್ಜಾಲದಲ್ಲಿ ನಡೆಯುತ್ತಿತ್ತು. ಗ್ರಾಹಕರನ್ನು ಬೆದರಿಸಿ, ಬೈದು, ಅವರು ಎಲ್ಲೆಡೆ ದೂರು ಬರೆಯುವಂತೆ ಮಾಡುತ್ತಿದ್ದ ಅದರ ಮಾಲೀಕ. ಎಷ್ಟು ಜನ ಬೈದು ಬರೆದರೆ ಗೂಗಲ್ ಹುಡುಕಾಟದಲ್ಲಿ ತನ್ನ ಅಂಗಡಿ ಅಷ್ಟು ಮೇಲೆ ಬರುತ್ತದೆ ಅಂತ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೇ ಹೇಳಿಕೊಂಡ. ಸುದ್ದಿ ಬಂದ ಕೆಲವೇ ದಿನದಲ್ಲಿ ಗೂಗಲ್ ತನ್ನ ಲೆಕ್ಕಾಚಾರ ಬದಲಾಯಿಸಿತು. 2012ರಲ್ಲಿ ಅವನಿಗೆ ನಾಲ್ಕು ವರ್ಷ ಜೈಲಾಯಿತು. ಹೊರಬಂದು ಬೇರೆ ಹೆಸರಲ್ಲಿ ಮತ್ತೆ ಕನ್ನಡಕವನ್ನೇ ಮಾರಿ, 2018ರಲ್ಲಿ ಮತ್ತೆ ಶಿಕ್ಷೆ ಆಯಿತು. ಅಲ್ಲಿ ಕೆಟ್ಟ ರಿವ್ಯೂವನ್ನೇ ಬಂಡವಾಳ ಮಾಡಿಕೊಂಡಿದ್ದ, ಇಲ್ಲಿ ಒಳ್ಳೆಯದನ್ನು ಕೊಂಡು ತರುತ್ತಾರೆ. ಎರಡು ಕಡೆಯೂ ಕನ್ನಡಕ ಬೇಕಾದವರು ಓದಿದ್ದನ್ನು ನಂಬುವ ಹಾಗಿಲ್ಲ.

ಈಗ ತಮ್ಮ ಕೈಯಲ್ಲಿ ಇರುವುದರ ಬಗ್ಗೆ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ ತಮ್ಮ ಪ್ರಾಧಿಕಾರ ಹುಟ್ಟಿತು, 2020ರ ಜುಲೈನಲ್ಲಿ ಕೆಲಸ ಶುರುವಾಯಿತು. ಒಬ್ಬ ಗ್ರಾಹಕನ ದಾವೆ ಕೇಳಲು ಜಿಲ್ಲಾ ಆಯೋಗ ಇದೆ. ತಮ್ಮದು ಒಟ್ಟಾರೆ ಗ್ರಾಹಕ ಸಮುದಾಯವನ್ನು ಕಾಯುವ ಕೆಲಸ. ಯಾರೂ ದೂರು ಕೊಡದಿದ್ದರೂ ತಾವಾಗಿಯೇ ವಿಚಾರಣೆ ಮಾಡಬಹುದು. ನ್ಯಾಯವಲ್ಲದ ವ್ಯಾಪಾರ ಪದ್ಧತಿ ನಿಲ್ಲಿಸಿ ಅಂತ ಆದೇಶ ಕೊಡಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸುಳ್ಳು ರಿವ್ಯೂ ತಮ್ಮ ಈ ಕೆಲಸಕ್ಕೇ ಸೇರಿದ್ದು ಅಂತ ನಾನು ನಂಬಿದ್ದೇನೆ, ಯಾಕೆಂದರೆ ಇದರಲ್ಲಿ ನಷ್ಟವಾದವರಿಗೆ ನಷ್ಟವಾದದ್ದೇ ಗೊತ್ತಿರುವುದಿಲ್ಲ. ಮೇಷ್ಟ್ರು ಪೊರೆ ತೋರಿಸಲು ನನ್ನ ಹತ್ತಿರ ಬಂದರು, ಗ್ರಾಹಕ ಆಯೋಗಕ್ಕೆ ಹೋಗಲಿಲ್ಲ.

2020ರ ಇ-ಕಾಮರ್ಸ್ ನಿಯಮಗಳು ಮಾರಾಟಗಾರ ಗ್ರಾಹಕನ ವೇಷ ಹಾಕಿ ರಿವ್ಯೂ ಬರೆಯಬಾರದು ಅನ್ನುತ್ತವೆ. ಒಳ್ಳೆಯ ನಿಯಮ. ಆದರೆ ಆ ಡಿಗ್ರಿ ಹುಡುಗ ಮಾರಾಟಗಾರ ಅಲ್ಲ, ನಿಜವಾಗಿ ಆರ್ಡರ್ ಮಾಡಿದ ಗ್ರಾಹಕ. ಬರೆಸಿದ ಏಜೆಂಟ್ ಯಾರು ಅಂತ ಯಾವ ಕಾಗದದಲ್ಲೂ ಇಲ್ಲ. ಈ ಸಂದಿಯಲ್ಲೇ ಇಡೀ ವ್ಯವಹಾರ ನಡೆಯುತ್ತಿದೆ.

2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಅನ್ನುವ ಮಾನದಂಡ ತಂದಿತು. ರಿವ್ಯೂ ಬರೆಯುವವರು ಯಾರು ಅಂತ ಖಚಿತಪಡಿಸಿಕೊಳ್ಳಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು, ರಿವ್ಯೂ ಸೋಸುವ ಕ್ರಮ ಪಾರದರ್ಶಕವಾಗಿರಬೇಕು. ನಾನು ಕೇಳಬೇಕು ಅಂದುಕೊಂಡಿದ್ದರಲ್ಲಿ ಎಷ್ಟೋ ಅದರಲ್ಲೇ ಇದೆ. ಆದರೆ ಅದು ಬಂದಿದ್ದು ಇಷ್ಟ ಇದ್ದವರು ಪಾಲಿಸಿ ಅನ್ನುವ ರೂಪದಲ್ಲಿ. 2024ರ ಮೇನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಕಂಪನಿಗಳನ್ನು ಕರೆಸಿ, ಇದನ್ನು ಕಡ್ಡಾಯ ಮಾಡುವ ಮಾತಾಡಿತು. ಆ ಮಾತು ಹಲ್ಲಿರುವ ನಿಯಮವಾಗಿ ಕೊನೆಯ ಅಂಗಡಿಯವರೆಗೆ ಮುಟ್ಟಬೇಕು. ಬ್ರಿಟನ್‌ನಲ್ಲಿ 2025ರ ಏಪ್ರಿಲ್‌ನಿಂದ ಸುಳ್ಳು ರಿವ್ಯೂ ಕಾನೂನುಬಾಹಿರ, ಕಂಪನಿಯ ಜಗತ್ತಿನಾದ್ಯಂತದ ವಹಿವಾಟಿನ ಶೇಕಡ 10ರವರೆಗೆ ದಂಡ ಬೀಳಬಹುದು. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಸುಳ್ಳು ರಿವ್ಯೂ ಕೊಳ್ಳುವುದಕ್ಕೂ ಮಾರುವುದಕ್ಕೂ ನಿಷೇಧ ಇದೆ. ನಮ್ಮಲ್ಲಿ ಮಾನದಂಡ ಇವರಿಗಿಂತ ಮೊದಲೇ ಬಂದಿತ್ತು ಅನ್ನುವುದು ನನಗೆ ಹೆಮ್ಮೆಯ ವಿಷಯ, ಹೊಟ್ಟೆ ಉರಿಯುವ ವಿಷಯವೂ ಹೌದು.

ಪವರ್ ಇರುವ ಕನ್ನಡಕಕ್ಕೆ ಮಾತ್ರ ಇನ್ನೂ ಕೆಲವು ಬೇಕು ಅಂತ ಕೇಳುತ್ತೇನೆ. ಬರೀ ಫ್ರೇಮ್ ಕೊಂಡವರ ರಿವ್ಯೂ ಬೇರೆ, ಪವರ್ ಹಾಕಿಸಿಕೊಂಡವರದ್ದು ಬೇರೆ ಇರಲಿ. ಎಷ್ಟು ದಿನ ಹಾಕಿ ಬರೆದಿದ್ದು ಅಂತ ರಿವ್ಯೂ ಮೇಲೇ ಕಾಣಲಿ, ಲೆನ್ಸಿನ ರೇಟಿಂಗ್‌ಗೆ ಹದಿನೈದು ದಿನ ಕಳೆದ ಮೇಲಿನದು ಮಾತ್ರ ಲೆಕ್ಕಕ್ಕೆ ಬರಲಿ. ಒಂದು ವಸ್ತುವಿನ ರಿವ್ಯೂ ಇನ್ನೊಂದಕ್ಕೆ ಅಂಟದಿರಲಿ. ರಿವ್ಯೂ ತಿರಸ್ಕರಿಸಿದರೆ ಯಾವ ನಿಯಮದಡಿ ಅಂತ ಬರೆದುಕೊಡಲಿ, ಪುಟದ ಮೇಲೆ ಎಷ್ಟು ರಿವ್ಯೂ ತಿರಸ್ಕರಿಸಿದ್ದೇವೆ ಅನ್ನುವ ಸಂಖ್ಯೆಯೂ ಇರಲಿ. ಕನ್ನಡದ ರಿವ್ಯೂವನ್ನು ಕನ್ನಡ ಬಲ್ಲವರೇ ನೋಡಲಿ. ತಮ್ಮ ತನಿಖಾ ವಿಭಾಗದವರು ಒಮ್ಮೆ ಗ್ರಾಹಕರಂತೆ ಹತ್ತು ಕನ್ನಡಕ ತರಿಸಲಿ, ಡಬ್ಬಿ ಬಿಚ್ಚಿ ಕಾರ್ಡ್ ಇದೆಯಾ ಅಂತ ನೋಡಲಿ. ಅದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಕಾರ್ಡಿನಲ್ಲಿ ಫೋನ್ ನಂಬರ್ ಇರುತ್ತದೆ.

ಇದನ್ನು ಓದುತ್ತಿರುವ ನಮ್ಮ ಜನಕ್ಕೂ ಎರಡು ಮಾತು. ಪವರ್ ಚೀಟಿ ಬರೆಸಿಕೊಳ್ಳುವಾಗ ಪಿ.ಡಿ.ಯನ್ನೂ ಬರೆದುಕೊಡಿ ಅಂತ ಕೇಳಿ. ಪ್ರೋಗ್ರೆಸಿವ್ ಆದರೆ ಫ್ರೇಮ್ ಮುಖದ ಮೇಲಿಟ್ಟು ಅಳತೆ ಮಾಡಿಸದೆ ಕೊಳ್ಳಬೇಡಿ. ಕನ್ನಡಕ ಬಂದ ವಾರದೊಳಗೆ ಹತ್ತಿರದ ಕ್ಲಿನಿಕ್‌ನಲ್ಲಿ ಲೆನ್ಸಿನ ಪವರ್ ಅಳೆಯುವ ಲೆನ್ಸೋಮೀಟರ್‌ಗೆ ಇಟ್ಟು ನೋಡಿಸಿ, ಐದು ನಿಮಿಷದ ಕೆಲಸ. ತಲೆ ಸುತ್ತಿದರೆ ರಿವ್ಯೂ ಓದಲು ಹೋಗಬೇಡಿ, ಕಣ್ಣು ತೋರಿಸಲು ಬನ್ನಿ. ಡಬ್ಬಿಯಲ್ಲಿ ಕ್ಯಾಶ್‌ಬ್ಯಾಕ್ ಕಾರ್ಡ್ ಬಂದರೆ ಫೋಟೋ ತೆಗೆದು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಧಿಕಾರಿಗಳಿಗೂ ಬರೆದು ಕೊಡಬಹುದು, ಕಾಯಿದೆಯಲ್ಲೇ ಅದಕ್ಕೆ ಅವಕಾಶ ಇದೆ. ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದುಡ್ಡಿಗಾಗಿ ಜಿಲ್ಲಾ ಆಯೋಗಕ್ಕೆ ಹೋಗುವುದಾದರೆ ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕ ಇಲ್ಲ.

ಮೇಷ್ಟ್ರಿಗೆ ಈಗ ಹೊಸ ಕನ್ನಡಕ ಆಗಿದೆ. ಮೆಟ್ಟಿಲು ತೇಲುವುದಿಲ್ಲ. ಎರಡು ಸಲ ತಿರಸ್ಕಾರವಾದ ಅವರ ರಿವ್ಯೂವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಪೂರ್ತಿ ಕೊಡುತ್ತಿದ್ದೇನೆ. ಇದರಲ್ಲಿ ಯಾವ ಮಾತು ಯಾವ ನಿಯಮಕ್ಕೆ ಹೊಂದಲಿಲ್ಲ ಅಂತ ತಾವು ಆ ಕಂಪನಿಯನ್ನು ಕೇಳಬೇಕು. ಕಂಪನಿಯ ಹೆಸರು, ಆರ್ಡರ್ ವಿವರ, ಆ ಕಾರ್ಡು ಮೇಷ್ಟ್ರ ಹತ್ತಿರ ಜೋಪಾನವಾಗಿವೆ. ತಾವು ಕೇಳಿದ ದಿನ ಕಳಿಸುತ್ತಾರೆ.

“ನನಗೆ 64 ವರ್ಷ. ಪ್ರೋಗ್ರೆಸಿವ್ ತರಿಸಿ ಎರಡು ತಿಂಗಳು ಹಾಕಿದೆ. ಫ್ರೇಮ್ ಹಗುರವಾಗಿದೆ, ಚೆನ್ನಾಗಿದೆ. ಮೆಟ್ಟಿಲು ಇಳಿಯಲು ಆಗಲಿಲ್ಲ, ಒಮ್ಮೆ ಬೀಳುವುದರಲ್ಲಿದ್ದೆ. ಅಳತೆ ಮಾಡಿಸಿದಾಗ ಲೆನ್ಸುಗಳ ಗುರುತು ನನ್ನ ಪಾಪೆಗಳಿಗಿಂತ ಆರು ಮಿಲಿಮೀಟರ್ ಅಗಲಕ್ಕೆ ಇತ್ತು. ಆರ್ಡರ್ ಮಾಡುವಾಗ ಈ ಅಳತೆ ಕೇಳಲಿಲ್ಲ. ದಯವಿಟ್ಟು ಕೇಳಿ.”

ಇತಿ ತಮ್ಮ ವಿಶ್ವಾಸಿ,
ಒಬ್ಬ ಆಪ್ಟೋಮೆಟ್ರಿಸ್ಟ್, ತಿಪಟೂರು